ಮನೆಯಲ್ಲೇ ಕೂತು ಮೆಡಿಕಲ್ ಟ್ರಾನ್ಸ್‌ಕ್ರಿಪ್ಶನ್: ಬೆರಳಿಗಿಂತ ಕಿವಿ ಚುರುಕಾಗಿರಬೇಕು



"ಟೈಪಿಂಗ್ ಬರ್ತದ, ಮನ್ಯಾಗ ಕಂಪ್ಯೂಟರ್ ಅದ, ಇಂಟರ್ನೆಟ್ ಅದ. ಮೆಡಿಕಲ್ ಟ್ರಾನ್ಸ್‌ಕ್ರಿಪ್ಶನ್ ಮಾಡಬಹುದೇನ್ರಿ?" ಉದ್ಯೋಗದ ಮಾತು ಬಂದಾಗಲೆಲ್ಲ ಕಾತ್ರಜ್‌ನಿಂದ ನಿಗಡಿವರೆಗಿನ ನಮ್ಮ ಕನ್ನಡ ಮನೆಗಳಿಂದ ತಪ್ಪದೆ ಬರುವ ಪ್ರಶ್ನೆ ಇದು. ಕೇಳುವವರಲ್ಲಿ ಹೆಣ್ಣುಮಕ್ಕಳೇ ಹೆಚ್ಚು. ಮದುವೆಯಾಗಿ ವಿಜಯಪುರದಿಂದಲೋ ಧಾರವಾಡದಿಂದಲೋ ಉಡುಪಿಯಿಂದಲೋ ಪುಣೆಗೆ ಬಂದವರು, ಬಿ.ಎಸ್ಸಿ. ಅಥವಾ ನರ್ಸಿಂಗ್ ಮುಗಿಸಿದವರು, ಮಗು ಶಾಲೆಗೆ ಹೋದ ಮೇಲೆ ಸಿಗುವ ನಾಲ್ಕೈದು ಗಂಟೆಯನ್ನು ಸಂಪಾದನೆಗೆ ಹಚ್ಚೋಣ ಎಂದುಕೊಂಡವರು. ಗಂಡಸರೂ ಇಲ್ಲದಿಲ್ಲ. ಬಿ.ಫಾರ್ಮ ಮಾಡಿ ಔಷಧ ಅಂಗಡಿಯಲ್ಲಿ ದಿನವಿಡೀ ನಿಂತು ಸೊಂಟ ನೋಯಿಸಿಕೊಂಡವರು, ರಾತ್ರಿ ಒಂದಿಷ್ಟು ಹೆಚ್ಚುವರಿ ಕೆಲಸ ಹುಡುಕುತ್ತಿರುವವರು.

ಮಾಡಬಹುದು ಎಂಬುದೇ ಉತ್ತರ. ಆದರೆ ಎರಡು ಮಾತನ್ನು ಮೊದಲೇ ಹೇಳಿಬಿಡುತ್ತೇವೆ. ಈ ಕೆಲಸಕ್ಕೆ ಬೇಕಾದ ವಿದ್ಯೆಗಳ ಸಾಲಿನಲ್ಲಿ ಟೈಪಿಂಗ್ ಕೊನೆಯಲ್ಲಿ ನಿಲ್ಲುತ್ತದೆ, ಮೊದಲಲ್ಲಲ್ಲ. ಇನ್ನೊಂದು, ಇಪ್ಪತ್ತು ವರ್ಷದ ಹಿಂದೆ ಪತ್ರಿಕೆಗಳ ಜಾಹೀರಾತಿನಲ್ಲಿ ಮಿಂಚುತ್ತಿದ್ದ ಎಂ.ಟಿ. ಕೆಲಸ ಇವತ್ತು ಅದೇ ರೂಪದಲ್ಲಿ ಉಳಿದಿಲ್ಲ. ಇದನ್ನು ತಿಳಿಯದೆ ಕೋರ್ಸಿಗೆ ದುಡ್ಡು ಕಟ್ಟಿದರೆ ನಷ್ಟ ನಿಮಗೇ.

ಕೆಲಸ ಅಂದರೆ ಏನು?

ಅಮೆರಿಕದ ಒಂದು ಆಸ್ಪತ್ರೆ ಅಂದುಕೊಳ್ಳಿ. ವೈದ್ಯರು ದಿನಕ್ಕೆ ಇಪ್ಪತ್ತು ಮೂವತ್ತು ರೋಗಿಗಳನ್ನು ನೋಡುತ್ತಾರೆ. ಪ್ರತಿಯೊಬ್ಬರ ಬಗ್ಗೆಯೂ ದಾಖಲೆ ಇರಲೇಬೇಕು. ಏನು ತೊಂದರೆ ಎಂದು ಬಂದರು, ಪರೀಕ್ಷೆಯಲ್ಲಿ ಏನು ಕಂಡಿತು, ಯಾವ ಔಷಧ ಕೊಟ್ಟೆವು, ಮುಂದೆ ಏನು. ವಿಮಾ ಕಂಪನಿ ಹಣ ಕೊಡುವುದೂ ಈ ದಾಖಲೆ ನೋಡಿಯೇ. ಇಷ್ಟನ್ನು ಬರೆಯುತ್ತ ಕೂರಲು ವೈದ್ಯರಿಗೆ ಪುರುಸೊತ್ತಿಲ್ಲ. ಫೋನಿನಲ್ಲೋ ಪುಟ್ಟ ರೆಕಾರ್ಡರಿನಲ್ಲೋ ಹೇಳಿಬಿಡುತ್ತಾರೆ. ಆ ಧ್ವನಿಯನ್ನು ಕೇಳಿ, ಕ್ರಮವಾದ ವರದಿಯಾಗಿ ಬರೆದುಕೊಡುವುದೇ ಮೆಡಿಕಲ್ ಟ್ರಾನ್ಸ್‌ಕ್ರಿಪ್ಶನ್.

ಭಾರತಕ್ಕೆ ಈ ಕೆಲಸ ಬಂದದ್ದಕ್ಕೆ ಇಂಗ್ಲಿಷ್ ಒಂದು ಕಾರಣವಾದರೆ ಗಡಿಯಾರ ಇನ್ನೊಂದು. ನ್ಯೂಯಾರ್ಕಿನ ವೈದ್ಯರು ಬೇಸಿಗೆಯಲ್ಲಿ ಸಂಜೆ ಆರಕ್ಕೆ ಹೇಳಿ ಮುಗಿಸಿದಾಗ ಪುಣೆಯಲ್ಲಿ ಮರುದಿನ ಬೆಳಗಿನ ಮೂರೂವರೆ, ಅವರ ಚಳಿಗಾಲದಲ್ಲಾದರೆ ನಾಲ್ಕೂವರೆ. ನೀವು ಚಹಾ ಕುಡಿದು ಕೂರುವ ಹೊತ್ತಿಗೆ ಕಡತ ಕಾದಿರುತ್ತದೆ. ಅವರು ಮಲಗಿ ಎದ್ದು ಆಸ್ಪತ್ರೆಗೆ ಬರುವಷ್ಟರಲ್ಲಿ ವರದಿ ಸಿದ್ಧ.

ಈ ಉದ್ಯಮದ ದೊಡ್ಡ ತವರು ನಮ್ಮ ಬೆಂಗಳೂರೇ. 1990ರ ದಶಕದಲ್ಲಿ ಅಲ್ಲಿ ಹೆಲ್ತ್‌ಸ್ಕ್ರೈಬ್ ಎಂಬ ಕಂಪನಿ ಸಾಕಷ್ಟು ಹೆಸರು ಮಾಡಿತ್ತು. 2004ರಲ್ಲಿ ಅದನ್ನು ಸ್ಫೆರಿಸ್ ಕೊಂಡಿತು. 2010ರಲ್ಲಿ ಸ್ಫೆರಿಸ್ ದಿವಾಳಿಯಾಗಿ ಅದರ ವ್ಯವಹಾರ ಸಿಬೇ ಮತ್ತು ಮೆಡ್‌ಕ್ವಿಸ್ಟ್ ಪಾಲಾಯಿತು. ಅದೇ ಮುಂದೆ ಎಂಮೋಡಲ್ ಎಂದಾಯಿತು. 2019ರಲ್ಲಿ ಎಂಮೋಡಲ್‌ನ ತಂತ್ರಜ್ಞಾನದ ಭಾಗವನ್ನು 3ಎಂ ಕೊಂಡಾಗ, ಟ್ರಾನ್ಸ್‌ಕ್ರಿಪ್ಶನ್ ಸೇವೆಯ ಭಾಗ ಅಕ್ವಿಟಿ ಎಂಬ ಹೆಸರಿನಲ್ಲಿ ಬೇರೆಯಾಯಿತು. 2023ರಲ್ಲಿ ಆ ಅಕ್ವಿಟಿಯನ್ನು ನವಿ ಮುಂಬೈಯ ಐಕೆಎಸ್ ಹೆಲ್ತ್ ಕೊಂಡಿತು. ಈ ವಂಶಾವಳಿ ಯಾಕೆ ಹೇಳಿದೆವೆಂದರೆ, ಹೊರಗಿನಿಂದ ನೆಮ್ಮದಿಯಾಗಿ ಕಾಣುವ ಈ ಕೆಲಸದಲ್ಲಿ ಬಾಗಿಲ ಮೇಲಿನ ಬೋರ್ಡು ಎಷ್ಟು ಬೇಗ ಬದಲಾಗುತ್ತದೆ ಎಂಬುದು ಸೇರುವವರಿಗೆ ಗೊತ್ತಿರಬೇಕು.

ಎಂಟು ಮತ್ತು ಎಂಬತ್ತು

ಟೈಪ್ ಮಾಡುವುದರಲ್ಲಿ ಅಂಥ ಜವಾಬ್ದಾರಿ ಏನಿದೆ ಎನ್ನುವವರಿಗೆ ಒಂದು ನಿಜ ಘಟನೆ. ಅಮೆರಿಕದ ಅಲಬಾಮಾ ರಾಜ್ಯದಲ್ಲಿ 2008ರಲ್ಲಿ ಸಕ್ಕರೆ ಕಾಯಿಲೆಯ ಮಹಿಳೆಯೊಬ್ಬರು ಆಸ್ಪತ್ರೆಯಿಂದ ಬಿಡುಗಡೆಯಾಗಿ ಪುನಶ್ಚೇತನ ಕೇಂದ್ರಕ್ಕೆ ಹೋದರು. ಅವರ ಡಿಸ್ಚಾರ್ಜ್ ಸಮರಿ ಗುತ್ತಿಗೆ, ಒಳಗುತ್ತಿಗೆ ದಾಟಿ ಭಾರತಕ್ಕೆ ಬಂದು ಟೈಪ್ ಆಗಿತ್ತು. ಲೆವೆಮಿರ್ ಎಂಬ ಇನ್ಸುಲಿನ್ 8 ಯೂನಿಟ್ ಎಂದಿರಬೇಕಾದ ಕಡೆ 80 ಯೂನಿಟ್ ಎಂದಾಗಿತ್ತು. ಆ ಕಾಗದ ನೋಡಿಯೇ ಅಲ್ಲಿ ಸೂಜಿ ಚುಚ್ಚಿದರು. ರಕ್ತದಲ್ಲಿನ ಸಕ್ಕರೆ ಕುಸಿಯಿತು, ಆಕೆ ಬದುಕಲಿಲ್ಲ. 2012ರ ಡಿಸೆಂಬರಿನಲ್ಲಿ ಅಲ್ಲಿನ ಜ್ಯೂರಿ 14 ಕೋಟಿ ಡಾಲರ್ ಪರಿಹಾರ ಕೊಡಬೇಕೆಂದು ತೀರ್ಪು ಕೊಟ್ಟಿತು.

ಒಂದೇ ಒಂದು ಸೊನ್ನೆ. ಅದನ್ನು ಟೈಪ್ ಮಾಡಿದವರು ನಿಮ್ಮ ನಮ್ಮ ಹಾಗೆ ಯಾವುದೋ ಊರಿನಲ್ಲಿ ಹೆಡ್‌ಫೋನ್ ಹಾಕಿಕೊಂಡು ಕೂತಿದ್ದವರೇ. ಆ ಸೊನ್ನೆಯನ್ನು ಹಿಡಿಯಬೇಕಾದವರು ಅವರ ಮುಂದೆಯೂ ಹಲವರಿದ್ದರು, ಅವರೊಬ್ಬರದೇ ತಪ್ಪೆಂದು ಹೇಳಲಾಗದು. ಆದರೂ ಈ ಕೆಲಸಕ್ಕೆ ಕೂರುವ ಮುನ್ನ ಒಮ್ಮೆ ನೆನೆಯಬೇಕಾದ ಘಟನೆ ಇದು.

ಅಮೆರಿಕದ ಆಸ್ಪತ್ರೆಗಳಿಗೆ ಮಾನ್ಯತೆ ಕೊಡುವ ಜಾಯಿಂಟ್ ಕಮಿಷನ್ 2004ರಲ್ಲೇ "ಹೀಗೆ ಬರೆಯಬೇಡಿ" ಎಂಬ ಪಟ್ಟಿ ಮಾಡಿತ್ತು. ಯೂನಿಟ್ ಎಂಬುದಕ್ಕೆ ಬರಿಯ ಯು ಅಕ್ಷರ ಬಳಸಬಾರದು, ಅದು ಸೊನ್ನೆಯಂತೆ ಕಾಣುತ್ತದೆ. 5 ಮಿಲಿಗ್ರಾಂ ಎಂಬುದನ್ನು 5.0 ಎನ್ನಬಾರದು, ಚುಕ್ಕೆ ಕಾಣದಿದ್ದರೆ ಐವತ್ತಾಗುತ್ತದೆ. ಅರ್ಧ ಮಿಲಿಗ್ರಾಂ ಇದ್ದರೆ ಚುಕ್ಕೆಯ ಹಿಂದೆ ಸೊನ್ನೆ ಬಿಡದೆ 0.5 ಎಂದೇ ಬರೆಯಬೇಕು. ಇಂಥ ನಿಯಮಗಳು ಎಂ.ಟಿ. ಮಾಡುವವರಿಗೆ ಮಗ್ಗಿಯಷ್ಟೇ ಬಾಯಿಪಾಠ ಇರಬೇಕು.

ಕಿವಿಯ ವಿದ್ಯೆ

ಮುಖ್ಯ ವಿಷಯಕ್ಕೆ ಬರೋಣ. ವೈದ್ಯರು ನಿಮಗೋಸ್ಕರ ನಿಧಾನವಾಗಿ ಹೇಳುವುದಿಲ್ಲ. ಕಾರು ನಡೆಸುತ್ತ ಹೇಳುತ್ತಾರೆ, ಸ್ಯಾಂಡ್‌ವಿಚ್ ತಿನ್ನುತ್ತ ಹೇಳುತ್ತಾರೆ, ಹಿಂದೆ ಆಂಬುಲೆನ್ಸ್ ಕೂಗುತ್ತಿರುತ್ತದೆ. ಒಬ್ಬರು ಟೆಕ್ಸಾಸಿನವರು, ಇನ್ನೊಬ್ಬರು ಚೀನಾ ಮೂಲದವರು, ಮತ್ತೊಬ್ಬರು ನಮ್ಮ ಆಂಧ್ರದವರು. ಅಮೆರಿಕದ ಆಸ್ಪತ್ರೆಗಳಲ್ಲಿ ಭಾರತೀಯ ವೈದ್ಯರು ಬೇಕಾದಷ್ಟಿದ್ದಾರೆ, ಆದರೆ ಅವರ ಮಾತು ನಮಗೆ ಸುಲಭವಾದೀತು ಎಂದುಕೊಳ್ಳಬೇಡಿ. ಮೂವತ್ತು ವರ್ಷ ಅಲ್ಲಿದ್ದವರ ಉಚ್ಚಾರ ಇಲ್ಲಿಯದೂ ಅಲ್ಲ, ಅಲ್ಲಿಯದೂ ಅಲ್ಲ.

ಕನ್ನಡ ಓದಿ ಬೆಳೆದವರಿಗೆ ಇಲ್ಲೊಂದು ವಿಶೇಷ ಕಷ್ಟವಿದೆ. ನಮ್ಮಲ್ಲಿ ಕೇಳಿದಂತೆ ಬರೆದರೆ ಸರಿ ಬರುತ್ತದೆ. ಇಂಗ್ಲಿಷಿನಲ್ಲಿ ಹಾಗಲ್ಲ. ಇಲಿಯಮ್ ಎಂದು ಕಿವಿಗೆ ಬಿದ್ದರೆ ಅದು ಸಣ್ಣ ಕರುಳಿನ ಕೊನೆಯ ಭಾಗವೂ ಇರಬಹುದು, ಸೊಂಟದ ಮೂಳೆಯೂ ಇರಬಹುದು. ಸ್ಪೆಲ್ಲಿಂಗಿನಲ್ಲಿ ಒಂದೇ ಅಕ್ಷರದ ವ್ಯತ್ಯಾಸ, ಒಂದಕ್ಕೆ ಇ, ಇನ್ನೊಂದಕ್ಕೆ ಐ. ವೈದ್ಯರು ಕರುಳಿನ ಮಾತಾಡುತ್ತಿದ್ದಾರೋ ಮೂಳೆಯ ಮಾತಾಡುತ್ತಿದ್ದಾರೋ ಎಂಬುದು ಅರ್ಥವಾಗದಿದ್ದರೆ ಕಿವಿ ಎಷ್ಟು ಚುರುಕಿದ್ದರೂ ಉಪಯೋಗವಿಲ್ಲ. ಡಿಸ್‌ಫೇಜಿಯಾ ಎಂದರೆ ನುಂಗಲು ಕಷ್ಟ, ಡಿಸ್‌ಫೇಸಿಯಾ ಎಂದರೆ ಮಾತಿಗೆ ಸಂಬಂಧಿಸಿದ ತೊಂದರೆ. ಹೈಪರ್‌ಟೆನ್ಷನ್ ಎಂದರೆ ಬಿ.ಪಿ. ಹೆಚ್ಚು, ಹೈಪೊಟೆನ್ಷನ್ ಎಂದರೆ ಕಡಿಮೆ. ವೇಗವಾಗಿ ಹೇಳಿದರೆ ಎರಡೂ ಒಂದೇ. ಪೂರ್ತಿ ವಾಕ್ಯ ಕೇಳಿ, ಕೊಟ್ಟ ಔಷಧ ನೋಡಿ, ಬಿ.ಪಿ.ಯ ಅಂಕಿ ನೋಡಿ ನಿರ್ಧರಿಸಬೇಕು.

ಔಷಧಗಳ ಹೆಸರಂತೂ ಕೇಳಲೇಬೇಡಿ. ಸೆಲೆಬ್ರೆಕ್ಸ್ ಕೀಲುನೋವಿಗೆ, ಸೆಲೆಕ್ಸಾ ಖಿನ್ನತೆಗೆ, ಸೆರೆಬಿಕ್ಸ್ ಫಿಟ್ಸ್‌ಗೆ. ಲ್ಯಾಮಿಕ್ಟಲ್ ಕೂಡ ಫಿಟ್ಸ್‌ಗೆ ಕೊಡುವ ಔಷಧ, ಲ್ಯಾಮಿಸಿಲ್ ಉಗುರಿನ ಫಂಗಸ್‌ಗೆ! ಹೈಡ್ರಲಜೀನ್ ಬಿ.ಪಿ.ಗೆ, ಹೈಡ್ರಾಕ್ಸಿಜೀನ್ ತುರಿಕೆಗೆ. ಬಿ.ಫಾರ್ಮ ಓದಿದವರು, ಔಷಧ ಅಂಗಡಿಯಲ್ಲಿ ಕೆಲಸ ಮಾಡಿದವರು ಇಲ್ಲಿ ಉಳಿದವರಿಗಿಂತ ಹತ್ತು ಹೆಜ್ಜೆ ಮುಂದಿರುತ್ತಾರೆ. ಡೋಸಿನ ಅಂಕಿ ಬಂದಾಗ ಫಿಫ್ಟೀನೋ ಫಿಫ್ಟಿಯೋ ಎಂಬ ಸಂಶಯವಿದ್ದರೆ, ಆ ಔಷಧ ಯಾವ ಯಾವ ಅಳತೆಯಲ್ಲಿ ಬರುತ್ತದೆ ಎಂದು ನೋಡುವುದು ಅವರಿಗೆ ರೂಢಿ.

ಉಳಿದವರು ಗಾಬರಿಯಾಗಬೇಕಿಲ್ಲ. ವೈದ್ಯಕೀಯ ಶಬ್ದಗಳಿಗೆ ಒಂದು ವ್ಯಾಕರಣವಿದೆ. ನಾವು ಮರ ಎಂಬ ಶಬ್ದಕ್ಕೆ ಪ್ರತ್ಯಯ ಹಚ್ಚಿ ಮರದಿಂದ, ಮರಕ್ಕೆ, ಮರದಲ್ಲಿ ಎನ್ನುವುದಿಲ್ಲವೇ, ಹಾಗೆಯೇ ಗ್ರೀಕ್ ಲ್ಯಾಟಿನ್ ಬೇರುಗಳಿಗೆ ಬಾಲ ಹಚ್ಚುತ್ತಾರೆ. ಐಟಿಸ್ ಎಂದು ಮುಗಿದರೆ ಉರಿಯೂತ. ಎಕ್ಟಮಿ ಎಂದರೆ ಕತ್ತರಿಸಿ ತೆಗೆದುಹಾಕುವುದು. ಆಟಮಿ ಎಂದರೆ ಬರೀ ಕೊಯ್ಯುವುದು. ಆಸ್ಟಮಿ ಎಂದರೆ ಹೊರದಾರಿಯೊಂದನ್ನು ಮಾಡುವುದು. ನೆಫ್ರ ಎಂದರೆ ಮೂತ್ರಪಿಂಡ, ಹೆಪಾಟ ಎಂದರೆ ಯಕೃತ್ತು. ಕೋಲೆಸಿಸ್ಟೆಕ್ಟಮಿ ಎಂಬ ಮಾರುದ್ದದ ಶಬ್ದವನ್ನು ಬಿಡಿಸಿದರೆ ಕೋಲೆ ಪಿತ್ತ, ಸಿಸ್ಟ್ ಚೀಲ, ಎಕ್ಟಮಿ ತೆಗೆಯುವುದು: ಪಿತ್ತಕೋಶ ತೆಗೆಯುವ ಶಸ್ತ್ರಚಿಕಿತ್ಸೆ, ಅಷ್ಟೇ! ಸಂಧಿ ಸಮಾಸ ಬಿಡಿಸಿ ಪರೀಕ್ಷೆ ಬರೆದ ನಮ್ಮವರಿಗೆ ಇದು ಬಲು ಬೇಗ ಹತ್ತುತ್ತದೆ. ಇಂಥ ಇನ್ನೂರು ಮುನ್ನೂರು ತುಂಡುಗಳನ್ನು ಕಲಿತರೆ ಸಾವಿರಾರು ಶಬ್ದಗಳು ಕೈಗೆ ಸಿಗುತ್ತವೆ. ಡಾರ್ಲೆಂಡ್ ಅಥವಾ ಸ್ಟೆಡ್‌ಮನ್ ವೈದ್ಯಕೀಯ ನಿಘಂಟು ಪಕ್ಕದಲ್ಲಿರಲಿ, ಹಳೆಯ ಪ್ರತಿಯಾದರೂ ಬೇರುಗಳು ಬದಲಾಗುವುದಿಲ್ಲ. ಔಷಧಗಳ ಪಟ್ಟಿ ಮಾತ್ರ ಹೊಸದೇ ಆಗಿರಬೇಕು.

ಇಂಗ್ಲಿಷ್ ವ್ಯಾಕರಣವನ್ನು ಹಗುರವಾಗಿ ಎಣಿಸಬೇಡಿ. "ನೋ ಚೆಸ್ಟ್ ಪೇನ್" ಎಂದು ಹೇಳಿ ವೈದ್ಯರು ತಡೆದು "ಶಾರ್ಟ್‌ನೆಸ್ ಆಫ್ ಬ್ರೆತ್" ಎನ್ನುತ್ತಾರೆ. ನಡುವೆ ಅಲ್ಪವಿರಾಮ ಹಾಕಿದರೆ ಎದೆನೋವೂ ಇಲ್ಲ, ಏದುಸಿರೂ ಇಲ್ಲ. ಪೂರ್ಣವಿರಾಮ ಹಾಕಿದರೆ ಎದೆನೋವಿಲ್ಲ, ಏದುಸಿರು ಇದೆ! ಹೃದಯದ ರೋಗಿಗೆ ಈ ಚುಕ್ಕೆ ಎಷ್ಟು ಮುಖ್ಯ ಎಂದು ಬಿಡಿಸಿ ಹೇಳಬೇಕಿಲ್ಲ. ಕನ್ನಡ ಮಾಧ್ಯಮದಲ್ಲಿ ಓದಿದೆವು, ನಮಗೆ ಆದೀತೇ ಎಂದು ಹಿಂಜರಿಯುವವರಿಗೆ ಒಂದು ಮಾತು: ಇಲ್ಲಿ ಫಟಾಫಟ್ ಇಂಗ್ಲಿಷ್ ಮಾತಾಡುವವರಿಗಿಂತ ವಾಕ್ಯ ಎಲ್ಲಿ ಮುಗಿಯಿತು, ಕರ್ತೃ ಯಾರು, ಕ್ರಿಯಾಪದ ಯಾವುದು ಎಂದು ಗಮನಿಸುವವರೇ ಗೆಲ್ಲುತ್ತಾರೆ.

ಇನ್ನೊಂದು ಗುಣವಿದೆ, ಅದನ್ನು ಯಾವ ಕೋರ್ಸೂ ನೆಟ್ಟಗೆ ಕಲಿಸುವುದಿಲ್ಲ. ಕೇಳಿಸದಿದ್ದರೆ ಕೇಳಿಸಲಿಲ್ಲ ಎಂದು ಒಪ್ಪಿಕೊಳ್ಳುವುದು. ಮೂರು ಸಲ, ನಾಲ್ಕು ಸಲ ಹಿಂದಕ್ಕೆ ಹೋಗಿ ಕೇಳಿದರೂ ಶಬ್ದ ಸಿಗದಿದ್ದರೆ ಖಾಲಿ ಜಾಗ ಬಿಟ್ಟು, ಎಷ್ಟನೆಯ ನಿಮಿಷ ಎಷ್ಟನೆಯ ಸೆಕೆಂಡು ಎಂದು ಗುರುತು ಹಾಕಿ ಮೇಲಿನವರಿಗೆ ಕಳಿಸಬೇಕು. ಊಹೆ ಮಾಡಿ ತುಂಬಬಾರದು. ಶಾಲೆಯಲ್ಲಿ ನಾವು ಕಲಿತದ್ದು ತಿರುಗುಮುರುಗು: ಉತ್ತರ ಗೊತ್ತಿಲ್ಲದಿದ್ದರೂ ಏನಾದರೂ ಬರೆ, ಅರ್ಧ ಮಾರ್ಕಾದರೂ ಸಿಗುತ್ತದೆ! ಆ ಚಾಳಿ ಇಲ್ಲಿ ಅಪಾಯ. ಹಾಗೆಯೇ ಗಂಡಸಿಗೆ ಗರ್ಭಕೋಶದ ಆಪರೇಷನ್ ಆಗಿದೆ ಎಂದೋ, ಮೊದಲು ಬಲಗಾಲು ಎಂದು ಆಮೇಲೆ ಎಡಗಾಲು ಎಂದೋ ವೈದ್ಯರೇ ಬಾಯಿತಪ್ಪಿ ಹೇಳಿದರೆ, ನೀವೇ ತಿದ್ದದೆ, ಸುಮ್ಮನೂ ಇರದೆ, ಸಂಶಯವಿದೆ ಎಂದು ಗುರುತು ಹಾಕಿ ತೋರಿಸಬೇಕು.

ಟೈಪಿಂಗ್ ವೇಗ ನಿಮಿಷಕ್ಕೆ 40ರಿಂದ 60 ಶಬ್ದ ಇದ್ದರೆ ಸಾಕು. ಆಡಿಯೋ ನಿಲ್ಲಿಸಲು, ಹಿಂದಕ್ಕೆ ಒಯ್ಯಲು ಕಾಲಿನಿಂದ ಒತ್ತುವ ಪೆಡಲ್ ಇರುತ್ತದೆ. ಹೊಲಿಗೆ ಯಂತ್ರ ತುಳಿದ ಕಾಲಿಗೆ ಅದು ಒಂದೇ ದಿನದಲ್ಲಿ ರೂಢಿಯಾಗುತ್ತದೆ.

ಯಂತ್ರ ಬಂತಲ್ಲ?

ಹೌದು, ಬಂತು. ಇಪ್ಪತ್ತು ವರ್ಷದ ಹಿಂದಿನ ಕೆಲಸ ಉಳಿದಿಲ್ಲ ಎಂದದ್ದು ಇದಕ್ಕೇ. ಮಾತನ್ನು ಅಕ್ಷರಕ್ಕಿಳಿಸುವ ತಂತ್ರಾಂಶ ಈಗ ಮೊದಲ ಕರಡನ್ನು ತಾನೇ ಮಾಡಿಬಿಡುತ್ತದೆ. ಈ ಕ್ಷೇತ್ರದ ದೊಡ್ಡ ಹೆಸರಾದ ನ್ಯುಆನ್ಸ್ ಕಂಪನಿಯನ್ನು ಮೈಕ್ರೋಸಾಫ್ಟ್ 2022ರಲ್ಲಿ ಕೊಂಡಿತು. ಈಗಿನ ತಂತ್ರಾಂಶಗಳಿಗೆ ವೈದ್ಯರು ಬೇರೆಯಾಗಿ ಹೇಳಿಕೊಡುವುದೂ ಬೇಕಿಲ್ಲ. ವೈದ್ಯರು ಮತ್ತು ರೋಗಿ ಮಾತಾಡುವುದನ್ನು ಕೋಣೆಯಲ್ಲೇ ಕೇಳಿಸಿಕೊಂಡು ವರದಿ ಬರೆಯುತ್ತವೆ. ಎಂ.ಟಿ. ಕೆಲಸಗಾರರ ಸಂಖ್ಯೆ ಇಳಿಯುತ್ತದೆ ಎಂದೇ ಅಮೆರಿಕದ ಕಾರ್ಮಿಕ ಅಂಕಿಅಂಶ ಇಲಾಖೆಯ ಅಂದಾಜು.

ಹಾಗಾದರೆ ಮನುಷ್ಯರು ಬೇಡವೇ? ಬೇಕು, ಆದರೆ ಬೇರೆ ಕೆಲಸಕ್ಕೆ. 2018ರಲ್ಲಿ ಅಮೆರಿಕದ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಪ್ರಕಟವಾದ ಅಧ್ಯಯನ ನೋಡಿ. 217 ವರದಿಗಳನ್ನು ಪರೀಕ್ಷಿಸಿದಾಗ ಯಂತ್ರ ಬರೆದ ಕರಡಿನಲ್ಲಿ ನೂರು ಶಬ್ದಕ್ಕೆ ಏಳಕ್ಕಿಂತ ಹೆಚ್ಚು ತಪ್ಪು, ಅಂದರೆ ಶೇ. 7.4. ಟ್ರಾನ್ಸ್‌ಕ್ರಿಪ್ಶನಿಸ್ಟ್ ಓದಿ ತಿದ್ದಿದ ಮೇಲೆ ಶೇ. 0.4. ವೈದ್ಯರು ಸಹಿ ಹಾಕಿದ ನಂತರ ಶೇ. 0.3. ತಪ್ಪಿನ ದೊಡ್ಡ ಪಾಲು ತೆಗೆದವರು ಯಾರು ಎಂದು ನೀವೇ ನೋಡಿ! ಆಮೇಲೆ ಯಂತ್ರಗಳು ಸುಧಾರಿಸಿವೆ. ಆದರೆ ಹೊಸ ರೋಗವೊಂದು ಅಂಟಿಕೊಂಡಿದೆ. ವಿಸ್ಪರ್ ಎಂಬ ಹೆಸರಾಂತ ತಂತ್ರಾಂಶದ ಮೇಲೆ 2024ರಲ್ಲಿ ಬಂದ ಅಧ್ಯಯನವೊಂದರಲ್ಲಿ, ಸುಮಾರು ನೂರಕ್ಕೆ ಒಂದು ತುಣುಕಿನಲ್ಲಿ ಯಾರೂ ಆಡದ ಮಾತನ್ನು ಯಂತ್ರ ತಾನೇ ಹುಟ್ಟಿಸಿ ಸೇರಿಸಿದ್ದು ಕಂಡುಬಂತು. ಹಳೆಯ ಯಂತ್ರದ ತಪ್ಪು ತಪ್ಪಾಗಿಯೇ ಕಾಣುತ್ತಿತ್ತು. ಇದು ಶುದ್ಧ ಇಂಗ್ಲಿಷಿನಲ್ಲಿ, ಅಚ್ಚುಕಟ್ಟಾಗಿ ಸುಳ್ಳು ಹೇಳುತ್ತದೆ. ಕಣ್ಣು ಅದನ್ನು ನಂಬಿಬಿಡುತ್ತದೆ. ಕಿವಿ ಒಂದು ಹೇಳುವಾಗ ಕಣ್ಣು ಇನ್ನೊಂದು ಓದುತ್ತಿದ್ದರೆ ಕಿವಿಯನ್ನೇ ನಂಬುವುದು ಇಂದಿನ ಎಂ.ಟಿ. ಎಡಿಟರಿನ ವಿದ್ಯೆ. ಮೊದಲಿನಿಂದ ಟೈಪ್ ಮಾಡುವುದಕ್ಕಿಂತ ಇದೇ ಕಷ್ಟ ಎಂಬುದು ನಮ್ಮ ಅಭಿಪ್ರಾಯ.

ಅನುಭವದ ಪ್ರಶ್ನೆ

ಮನೆಯಿಂದ ಕೆಲಸ ಕೊಡುವ ಕಂಪನಿಗಳು ಸಾಮಾನ್ಯವಾಗಿ ಒಂದೆರಡು ವರ್ಷದ ಅನುಭವ ಕೇಳುತ್ತವೆ. ಹೊಸಬರಿಗೆ ಇದು ಅನ್ಯಾಯವೆನಿಸಬಹುದು, ಅದಕ್ಕೆ ಕಾರಣವಿದೆ. ಆಫೀಸಿನಲ್ಲಿದ್ದರೆ ನಿಮ್ಮ ಪ್ರತಿ ವರದಿಯನ್ನೂ ಹಿರಿಯರು ಆಡಿಯೋ ಜೊತೆ ಹೋಲಿಸಿ, ಕೆಂಪು ಗುರುತು ಹಾಕಿ ವಾಪಸು ಕೊಡುತ್ತಾರೆ. ಪಕ್ಕದ ಕುರ್ಚಿಯವರಿಗೆ "ಇದೇನು ಕೇಳ್ತದ ನೋಡ್ರಿ" ಎಂದು ಹೆಡ್‌ಫೋನ್ ಕೊಡಬಹುದು. ಮನೆಯಲ್ಲಿ ಒಬ್ಬರೇ. ಒಂದು ವೈದ್ಯರ ಉಚ್ಚಾರ ಹಿಡಿಯಲು ಐವತ್ತು ಕಡತವಾದರೂ ಕೇಳಬೇಕು. ಹೃದಯ, ಮೂಳೆ, ಮಕ್ಕಳ ವಿಭಾಗ, ಎಕ್ಸ್‌ರೇ ವರದಿ, ಒಂದೊಂದಕ್ಕೂ ಬೇರೆ ಬೇರೆ ಶಬ್ದಭಂಡಾರ. ಕ್ಲಿನಿಕ್ಕಿನ ಸಣ್ಣ ವರದಿಗಳಿಂದ ಶುರುವಾಗಿ ಆಪರೇಷನ್ ವರದಿವರೆಗೆ ಹೋಗಲು ಕಾಲ ಹಿಡಿಯುತ್ತದೆ.

ಶೇಕಡಾ 98ಕ್ಕೆ ಕಡಿಮೆಯಿಲ್ಲದ ನಿಖರತೆ ಎಂದು ಒಪ್ಪಂದದಲ್ಲಿ ಬರೆದಿರುತ್ತದೆ. 500 ಶಬ್ದದ ವರದಿಯಲ್ಲಿ ಅಂದರೆ ಹತ್ತು ತಪ್ಪಿಗೆ ಮಾತ್ರ ಜಾಗ. ಎಲ್ಲ ತಪ್ಪಿಗೂ ಒಂದೇ ತೂಕವಿಲ್ಲ. ಅಲ್ಪವಿರಾಮ ಬಿಟ್ಟರೆ ಸಣ್ಣ ಕಡಿತ, ಔಷಧದ ಹೆಸರು ತಪ್ಪಿದರೆ ಇಡೀ ವರದಿಯೇ ನಪಾಸು.

ಆಸ್ಪತ್ರೆಯಲ್ಲಿ ಕೆಲಸ ಮಾಡಿದ ನರ್ಸುಗಳು, ಲ್ಯಾಬ್ ಟೆಕ್ನಿಷಿಯನ್‌ಗಳು, ಆಯುರ್ವೇದ, ಹೋಮಿಯೋಪತಿ ಓದಿದವರು, ಇವರಿಗೆ ದಾರಿ ಹತ್ತಿರ. ಬಿ.ಎ., ಬಿ.ಕಾಂ. ಆದವರಿಗೆ ದೂರ, ಮುಚ್ಚಿಲ್ಲ. ಆದರೆ ಬರೀ ಎಂ.ಟಿ. ಕಲಿಸಲು ಆರು ತಿಂಗಳಿಗೆ ಹತ್ತಾರು ಸಾವಿರ ಕೇಳುವ ಕೋರ್ಸಿಗೆ ಸೇರುವ ಮೊದಲು ಎರಡು ಸಲ ಯೋಚಿಸಿ. ಕಳೆದ ವರ್ಷ ಕಲಿತವರಲ್ಲಿ ಯಾರಿಗೆ ಎಲ್ಲಿ ಕೆಲಸ ಸಿಕ್ಕಿತು ಎಂದು ಕೇಳಿ, ಸಾಧ್ಯವಾದರೆ ಅವರೊಡನೆ ಮಾತಾಡಿ. ಇದೇ ಓದಿನ ಬುನಾದಿಯ ಮೇಲೆ ಮೆಡಿಕಲ್ ಕೋಡಿಂಗ್ ಮಾಡಬಹುದು. ಅಮೆರಿಕದಲ್ಲಿ 2015ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ಐಸಿಡಿ-10 ಪಟ್ಟಿಯ ಪ್ರಕಾರ ರೋಗಗಳಿಗೆ ಸಂಕೇತ ಹಚ್ಚುವ ಕೆಲಸ ಅದು. ವೈದ್ಯರ ಭೇಟಿಯನ್ನು ನೇರವಾಗಿ ಕೇಳುತ್ತ ದಾಖಲಿಸುವ ಸ್ಕ್ರೈಬ್ ಕೆಲಸವೂ ಇದೆ, ಆದರೆ ಅದಕ್ಕೆ ರಾತ್ರಿಯೆಲ್ಲ ಎದ್ದಿರಬೇಕು. ಮಗು ಶಾಲೆಯಲ್ಲಿರುವ ಹೊತ್ತಿನಲ್ಲಿ ಮಾಡುತ್ತೇನೆ ಎನ್ನುವವರಿಗೆ ಅಲ್ಲ.

ಮನೆ ಎಂಬ ಆಫೀಸು

ಬಾಗಿಲು ಹಾಕಿಕೊಳ್ಳಬಹುದಾದ ಒಂದು ಕೋಣೆ ಬೇಕು. ಇದು ಬರಿಯ ಶಾಂತಿಗಲ್ಲ, ಗುಟ್ಟಿಗೆ. ನಿಮ್ಮ ಕಿವಿಗೆ ಬೀಳುವುದು ಒಬ್ಬ ಮನುಷ್ಯನ ಅತ್ಯಂತ ಖಾಸಗಿ ಸಂಗತಿ. ಹೆಸರು, ಹುಟ್ಟಿದ ದಿನಾಂಕ, ಎಚ್.ಐ.ವಿ. ಇದೆಯೋ ಇಲ್ಲವೋ, ಕುಡಿತ, ಗರ್ಭಪಾತ, ಮನಸ್ಸಿನ ಕಾಯಿಲೆ. ಅಮೆರಿಕದಲ್ಲಿ 1996ರ ಹಿಪಾ ಕಾನೂನು ಇದನ್ನು ಕಾಯುತ್ತದೆ, ನಮ್ಮಲ್ಲೂ 2023ರಲ್ಲಿ ವೈಯಕ್ತಿಕ ಡಿಜಿಟಲ್ ಮಾಹಿತಿ ರಕ್ಷಣೆಗೆ ಕಾಯಿದೆಯಾಗಿದೆ. ಮಕ್ಕಳು ಆಟವಾಡುವ ಕಂಪ್ಯೂಟರಿನಲ್ಲಿ ಈ ಕೆಲಸ ಮಾಡುವ ಹಾಗಿಲ್ಲ. ಅರ್ಥವಾಗದ ಶಬ್ದ ಕೇಳಲು ವರದಿಯ ಫೋಟೋ ತೆಗೆದು ಗೆಳತಿಯ ವಾಟ್ಸಾಪಿಗೆ ಕಳಿಸುವ ಹಾಗಿಲ್ಲ. ವರದಿಯನ್ನು ಸಿಕ್ಕ ಸಿಕ್ಕ ಉಚಿತ ಎ.ಐ. ತಾಣಕ್ಕೆ ಹಾಕಿ ತಿದ್ದಿಸುವ ಹಾಗೂ ಇಲ್ಲ. ಊಟಕ್ಕೆ ಕೂತಾಗ "ಇವತ್ತು ಎಂಥಾ ಕೇಸ್ ಬಂದಿತ್ತು ಗೊತ್ತೇನು" ಎಂದು ಅತ್ತೆಯವರಿಗೆ ಹೇಳುವಂತಿಲ್ಲ.

2003ರ ಅಕ್ಟೋಬರಿನ ಒಂದು ಪ್ರಕರಣ ಈ ಉದ್ಯಮದಲ್ಲಿ ಇಂದಿಗೂ ಪಾಠ. ಸ್ಯಾನ್ ಫ್ರಾನ್ಸಿಸ್ಕೋದ ವಿಶ್ವವಿದ್ಯಾಲಯ ಆಸ್ಪತ್ರೆಯೊಂದರ ಕೆಲಸ ಒಬ್ಬರಿಂದ ಒಬ್ಬರಿಗೆ ಒಳಗುತ್ತಿಗೆಯಾಗಿ, ಕೊನೆಗೆ ಪಾಕಿಸ್ತಾನದ ಕರಾಚಿಯ ಮಹಿಳೆಯೊಬ್ಬರ ಕೈಗೆ ಬಂದಿತ್ತು. ನಡುವಿನವರು ಆಕೆಗೆ ಕೂಲಿ ಕೊಡಲಿಲ್ಲ. ಬಾಕಿ ಕೊಡಿಸದಿದ್ದರೆ ರೋಗಿಗಳ ದಾಖಲೆಗಳನ್ನೆಲ್ಲ ಇಂಟರ್ನೆಟ್ಟಿಗೆ ಹಾಕುತ್ತೇನೆ ಎಂದು ಆಕೆ ನೇರವಾಗಿ ಆಸ್ಪತ್ರೆಗೆ ಬರೆದರು. ತಮ್ಮ ದಾಖಲೆ ಕರಾಚಿಯವರೆಗೆ ಹೋಗಿದೆ ಎಂದು ಆಸ್ಪತ್ರೆಗೆ ಗೊತ್ತೇ ಇರಲಿಲ್ಲ! ಆಕೆ ಮಾಡಿದ್ದು ತಪ್ಪು. ಆದರೆ ಸರಪಳಿಯ ಕೊನೆಯಲ್ಲಿ ಕೂತವರ ಕೂಲಿ ಎಷ್ಟು ಸುಲಭವಾಗಿ ಮುಳುಗುತ್ತದೆ ಎಂಬುದೂ ಅದೇ ಕಥೆಯಲ್ಲಿದೆ. ನೀವು ಯಾರಿಗೆ ಕೆಲಸ ಮಾಡುತ್ತಿದ್ದೀರಿ, ಅವರಿಗೆ ಕೆಲಸ ಕೊಟ್ಟವರು ಯಾರು, ಎಂದು ಕೇಳುವ ಹಕ್ಕು ನಿಮಗಿದೆ.

ಪುಣೆಯವರಿಗೆ ಇನ್ನೊಂದು ಮಾತು ಹೇಳಲೇಬೇಕು: ಗುರುವಾರ. ರಿಪೇರಿಗೆಂದು ಕರೆಂಟು ತೆಗೆಯುವುದು ಇಲ್ಲಿ ಗುರುವಾರವೇ ಎಂದು ನಿಮಗೆ ಗೊತ್ತೇ ಇದೆ. ಹನ್ನೆರಡು ಗಂಟೆಯಲ್ಲಿ ವರದಿ ಕೊಡಬೇಕೆಂದು ಒಪ್ಪಿಕೊಂಡವರಿಗೆ ಮಹಾವಿತರಣದ ಕಥೆ ಹೇಳಿ ಪ್ರಯೋಜನವಿಲ್ಲ. ಇನ್ವರ್ಟರ್ ಅಥವಾ ಯುಪಿಎಸ್, ಎರಡನೆಯ ಇಂಟರ್ನೆಟ್ ವ್ಯವಸ್ಥೆ, ಕಿವಿ ಪೂರ್ತಿ ಮುಚ್ಚುವ ಒಳ್ಳೆಯ ಹೆಡ್‌ಫೋನ್, ಬೆನ್ನಿಗೆ ಆಸರೆಯಿರುವ ಕುರ್ಚಿ, ಇವಕ್ಕೆ ಮೊದಲೇ ಖರ್ಚು ಲೆಕ್ಕ ಹಾಕಿಕೊಳ್ಳಿ. ಗಣಪತಿ ಹಬ್ಬದ ಹತ್ತು ದಿನ ಬೀದಿಯ ಢೋಲು ತಾಶೆಯ ಸದ್ದಿನಲ್ಲಿ ಹೇಗೆ ಕೇಳಿಸಿಕೊಳ್ಳುವುದೆಂದೂ ಯೋಚಿಸಿಕೊಳ್ಳಿ.

ದುಡ್ಡಿನ ಲೆಕ್ಕ

ಕೂಲಿ ಸಾಲಿನ ಲೆಕ್ಕದಲ್ಲಿ. ಖಾಲಿ ಜಾಗವೂ ಸೇರಿ 65 ಅಕ್ಷರಕ್ಕೆ ಒಂದು ಸಾಲು ಎಂಬುದು ಬಹುಕಾಲದ ರೂಢಿ. ಲೆಕ್ಕ ಸುಲಭವಾಗಲಿ ಎಂದು ಸಾಲಿಗೆ ಒಂದು ರೂಪಾಯಿ ಎಂದಿಟ್ಟುಕೊಳ್ಳಿ. 3,250 ಅಕ್ಷರದ ಒಂದು ವರದಿ 50 ಸಾಲು, ಅಂದರೆ 50 ರೂಪಾಯಿ. ಅದು ಸುಮಾರು ಐದು ನಿಮಿಷದ ಮಾತು. ಹೊಸಬರು ಅದಕ್ಕೆ 40 ನಿಮಿಷ ತೆಗೆದುಕೊಂಡರೆ ಗಂಟೆಗೆ 75 ರೂಪಾಯಿ ಗಿಟ್ಟಿತು. ಪಳಗಿದವರು 20 ನಿಮಿಷದಲ್ಲಿ ಮುಗಿಸಿದರೆ 150. ಅನುಭವ ಎಂದರೆ ಇಲ್ಲಿ ನೇರವಾಗಿ ಹಣ. ಯಂತ್ರದ ಕರಡು ತಿದ್ದುವ ಕೆಲಸವಾದರೆ ಸಾಲಿನ ದರ ಕಡಿಮೆ, ಸಾಮಾನ್ಯವಾಗಿ ಅರ್ಧದ ಆಸುಪಾಸು. ಒಪ್ಪಂದಕ್ಕೆ ಸಹಿ ಹಾಕುವ ಮೊದಲು ಕೇಳಲೇಬೇಕಾದ ಪ್ರಶ್ನೆಗಳು: ಸಾಲು ಎಣಿಸುವ ಬಗೆ ಯಾವುದು? ನಿಖರತೆ ಕಡಿಮೆಯಾದರೆ ಕಡಿತ ಎಷ್ಟು? ಕೆಲಸವಿಲ್ಲದ ದಿನ ಏನು? ಹಣ ಯಾವ ತಾರೀಖಿಗೆ?

ಯಾರಾದರೂ ಕೆಲಸ ಕೊಡಲು ನಿಮ್ಮಿಂದಲೇ ಹಣ ಕೇಳಿದರೆ ಅಲ್ಲಿಗೇ ನಿಲ್ಲಿಸಿ. ನೋಂದಣಿ ಶುಲ್ಕ, ಸಾಫ್ಟ್‌ವೇರ್ ಠೇವಣಿ, ಫ್ರಾಂಚೈಸಿ ಎಂದು ನಾನಾ ಹೆಸರು. ಇನ್ನೊಂದು ಬಗೆಯ ಮೋಸದಲ್ಲಿ ಮೊದಲು ಹಣ ಕೇಳುವುದೇ ಇಲ್ಲ. ಆನ್‌ಲೈನ್ ಒಪ್ಪಂದಕ್ಕೆ ಸಹಿ ಹಾಕಿಸಿಕೊಂಡು, ವಾರವಿಡೀ ಟೈಪ್ ಮಾಡಿಸಿಕೊಂಡು, ನಿಖರತೆ ಸಾಲದು, ನಷ್ಟ ತುಂಬಿಕೊಡಿ ಎಂದು ವಕೀಲರ ನೋಟಿಸಿನ ಹೆದರಿಕೆ ಹಾಕುತ್ತಾರೆ. ಮರ್ಯಾದೆಗೆ ಅಂಜಿ ಹಲವರು ಸುಮ್ಮನೆ ಹಣ ಕೊಟ್ಟಿದ್ದಾರೆ. ಕೊಡಬೇಡಿ. ಸೈಬರ್ ವಂಚನೆಗೆ ರಾಷ್ಟ್ರೀಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಹತ್ತಿರದ ಪೊಲೀಸ್ ಠಾಣೆಗೂ ತಿಳಿಸಿ. ನಿಜವಾದ ಕಂಪನಿ ನಿಮ್ಮ ದುಡ್ಡು ಕೇಳುವುದಿಲ್ಲ, ಪರೀಕ್ಷೆ ಕೊಡುತ್ತದೆ. ಮೂರ್ನಾಲ್ಕು ಕಡತ ಕಳಿಸಿ ಇಷ್ಟು ಹೊತ್ತಿನಲ್ಲಿ ಮಾಡಿ ಎನ್ನುತ್ತದೆ.

ಆ ಪರೀಕ್ಷೆಯನ್ನು ನೀವೇ ನಿಮಗೆ ಕೊಟ್ಟುಕೊಳ್ಳಬಹುದು, ಪೈಸೆ ಖರ್ಚಿಲ್ಲ. ಇಂಟರ್ನೆಟ್ಟಿನಲ್ಲಿ ಅಮೆರಿಕದ ಯಾವುದಾದರೂ ವೈದ್ಯಕೀಯ ಉಪನ್ಯಾಸ ಹುಡುಕಿ, ಅಕ್ಷರಗಳು ತೆರೆಯ ಮೇಲೆ ಬರದಂತೆ ಮಾಡಿ ಐದು ನಿಮಿಷ ಕೇಳಿ ಬರೆಯಿರಿ. ಎಷ್ಟು ಹೊತ್ತು ಹಿಡಿಯಿತು ಎಂದು ಗುರುತು ಮಾಡಿಕೊಳ್ಳಿ. ಮರುದಿನ ಅದನ್ನೇ ಮತ್ತೆ ಕೇಳಿ ಕೆಂಪು ಪೆನ್ನಿನಲ್ಲಿ ನೀವೇ ತಿದ್ದಿ. ಒಂದು ತಿಂಗಳು ದಿನಕ್ಕೊಂದರಂತೆ ಮಾಡಿದರೆ, ಈ ಕೆಲಸ ನಿಮ್ಮ ಕಿವಿಗೆ ಒಗ್ಗುತ್ತದೋ ಇಲ್ಲವೋ ಎಂಬುದು ಯಾವ ಕೋರ್ಸಿನವರಿಗಿಂತ ಚೆನ್ನಾಗಿ ನಿಮಗೇ ತಿಳಿಯುತ್ತದೆ. ಅಂದಹಾಗೆ, ಬರೆದದ್ದರಲ್ಲಿ ಎಷ್ಟು ಖಾಲಿ ಜಾಗ ಬಿಟ್ಟಿದ್ದೀರಿ ಎಂದೂ ಎಣಿಸಿ. ಮೊದಲ ವಾರವೇ ಒಂದೂ ಇಲ್ಲದಿದ್ದರೆ, ಎಲ್ಲೋ ಊಹೆ ಮಾಡಿ ತುಂಬಿದ್ದೀರಿ ಎಂದೇ ಅರ್ಥ. ಆ ಕಡತವನ್ನು ಮೊದಲಿನಿಂದ ಮತ್ತೊಮ್ಮೆ ಕೇಳಿ.